ಬಾಗಿಲು ಹಾಕಿಕೊಂಡ ಚಿತ್ರಕಾರರಿಗೆ ಒಂದು ಕಾಗದ

ಪ್ರಶ್ನೆ: ಮೇಡಂ, ನಾನು ಶಿಡ್ಲಘಟ್ಟದವನು. ನಮ್ಮದು ಚರಕದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆ. ಚಿಕ್ಕವನಿದ್ದಾಗ ಒಂದು ಮಕ್ಕಳ ಮಾಸಿಕದಲ್ಲಿ ಬರುತ್ತಿದ್ದ ಚಿತ್ರಕಥೆಗಳನ್ನು ಓದಿ ಬೆಳೆದೆ. ಅವುಗಳ ಚಿತ್ರ ಬರೆದವರು ಈಗ ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ ಅಂತ ಗೊತ್ತಾಯಿತು. ಫೋನ್ ಇಲ್ಲ. ಯಾರನ್ನೂ ಭೇಟಿ ಮಾಡುವುದಿಲ್ಲವಂತೆ. ಇಪ್ಪತ್ತು ವರ್ಷದಿಂದ ಅವರ ಚಿತ್ರ ಎಲ್ಲೂ ಬಂದಿಲ್ಲ. ಅವರಿಗೆ ಒಂದು ಕಾಗದ ಬರೆಯಬೇಕು ಅನ್ನುವ ಆಸೆ. ಬರೆಯಬಹುದಾ? ಏನು ಬರೆಯಬೇಕು? ನೇರವಾಗಿ ಹೋಗಿ ಕೊಟ್ಟರೆ ಹೇಗೆ? ಉತ್ತರ ಬರಬೇಕಾದರೆ ಏನು ಮಾಡಬೇಕು? ಅವರನ್ನು ಹೇಗೆ ಸಂಬೋಧಿಸಬೇಕು? ಮುಟ್ಟುತ್ತದೋ ಇಲ್ಲವೋ ಅನ್ನುವ ಚಿಂತೆ, ಅದಕ್ಕೇ ರಿಜಿಸ್ಟರ್ ಮಾಡುತ್ತೇನೆ. ಜೊತೆಗೆ ಒಂದು ದ್ರಾಕ್ಷಿ ಬಾಕ್ಸ್ ಕಳಿಸಲಾ? ನನ್ನ ಕರಡನ್ನೂ ನನಗೆ ತುಂಬ ಇಷ್ಟವಾದ ಒಂದು ಪುಟದ ಜೆರಾಕ್ಸನ್ನೂ ಜೊತೆಗಿಟ್ಟಿದ್ದೇನೆ. ದಯವಿಟ್ಟು ತಿದ್ದಿಕೊಡಿ.

ಉತ್ತರ: ಬರೆಯಿರಿ. ಖಂಡಿತ ಬರೆಯಿರಿ.

ಯಾರನ್ನೂ ಭೇಟಿ ಮಾಡದವರು ಕಾಗದವನ್ನೂ ಓದಲಾರರು ಅಂದುಕೊಂಡು ಎಷ್ಟೋ ಜನ ಸುಮ್ಮನಾಗಿಬಿಡುತ್ತಾರೆ. ನಾನು ಕಂಡಿದ್ದು ಬೇರೆ. ಬೆಂಗಳೂರಿನ ಒಂದು ಮಕ್ಕಳ ಮಾಸಿಕದಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದೆ. ತುಮಕೂರಿನಿಂದ ದಿನಾ ರೈಲಿನಲ್ಲಿ ಓಡಾಟ. ಓದುಗರ ಕಾಗದ ಬಿಡಿಸುವುದು, ಚಿತ್ರಕಾರರ ಮನೆಗೆ ಕಥೆ ಮುಟ್ಟಿಸುವುದು, ಚಿತ್ರ ತಯಾರಾದ ಮೇಲೆ ಹೋಗಿ ತರುವುದು, ಇದೇ ನನ್ನ ಕೆಲಸ. ಆ ಚಿತ್ರಕಾರರಲ್ಲಿ ಇಬ್ಬರು ಯಾವ ಸಭೆಗೂ ಬರುತ್ತಿರಲಿಲ್ಲ. ಫೋಟೊ ಕೇಳಿದರೆ ಕೊಡುತ್ತಿರಲಿಲ್ಲ. ನೆಂಟರ ಮದುವೆಗೂ ಹೋಗುತ್ತಿರಲಿಲ್ಲ. ಆದರೆ ನಾನು ಚಪ್ಪಲಿ ಬಿಡುವ ಮೊದಲೇ ಅವರು ಕೇಳುತ್ತಿದ್ದ ಮಾತು, "ಕಾಗದ ಏನಾದ್ರೂ ಬಂತಾ?"

ನೀವು ಹೇಳುತ್ತಿರುವವರ ಜೊತೆ ನಾನು ಕೆಲಸ ಮಾಡಿಲ್ಲ. ಅವರ ಹೆಸರನ್ನೂ ಊರನ್ನೂ ನೀವು ಬರೆದಿದ್ದಿರಿ. ಅವೆರಡನ್ನೂ ಇಲ್ಲಿ ತೆಗೆದಿದ್ದೇನೆ. ನೀವೂ ಅವನ್ನು ಎಲ್ಲೂ ಹಾಕಬೇಡಿ.

ಈಗ ನಿಮ್ಮ ಕರಡಿಗೆ ಬರುತ್ತೇನೆ. ಮೂರು ಸಲ ಓದಿದೆ. ಎರಡು ಪುಟ ಇದೆ. ಮೊದಲ ಪುಟದ ತುಂಬ ಅವರು "ರೇಖಾ ಮಾಂತ್ರಿಕ", "ಕನ್ನಡ ಚಿತ್ರಕಥೆಯ ಭೀಷ್ಮ", "ಕುಂಚ ಸಾಮ್ರಾಟ". ಇವು ಯಾರಿಗೆ ಬೇಕಾದರೂ ಹೊಂದುವ ಮಾತುಗಳು. ಸನ್ಮಾನ ಪತ್ರದಲ್ಲಿ ಹೆಸರು ಬದಲಾಯಿಸಿ ಇನ್ನೊಬ್ಬರಿಗೆ ಕೊಟ್ಟರೂ ನಡೆಯುತ್ತದೆ. ಎರಡನೇ ಪುಟದ ನಡುವೆ, ಒಂದು ಉದ್ದ ವಾಕ್ಯದ ಬಾಲದಲ್ಲಿ, ಹೀಗೆ ಬರೆದಿದ್ದೀರಿ: "ಆ ಪುಟ ನೋಡಿ ನಮ್ಮಮ್ಮ, ಇವರು ಯಾರೋ ಚರಕದ ಮುಂದೆ ಕೂತು ಎದ್ದವರೇ ಇರಬೇಕು ಅಂದ್ರು."

ನಿಮ್ಮ ಕಾಗದ ಅಲ್ಲಿದೆ. ಅದನ್ನು ಎತ್ತಿ ಮೊದಲಿಗೆ ತನ್ನಿ. ಅದರ ಮೇಲಿರುವ ಒಂದೂವರೆ ಪುಟವನ್ನು ಧೈರ್ಯವಾಗಿ ಹೊಡೆದುಹಾಕಿ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಮಾಸಿಕಕ್ಕೆ ಬರುತ್ತಿದ್ದ ಕಾಗದಗಳಲ್ಲಿ ಮುಕ್ಕಾಲು ಪಾಲು "ಚಿತ್ರಗಳು ತುಂಬಾ ಚೆನ್ನಾಗಿವೆ" ಅನ್ನುವವೇ. ಅವನ್ನು ಒಯ್ದು ಕೊಟ್ಟರೆ ಚಿತ್ರಕಾರರು ಕಣ್ಣಾಡಿಸಿ ಪಕ್ಕಕ್ಕೆ ಇಡುತ್ತಿದ್ದರು. ಬೇಸರವೇನೂ ಇಲ್ಲ. ಆದರೆ ಅದರಲ್ಲಿ ಹಿಡಿದುಕೊಳ್ಳುವುದಕ್ಕೆ ಏನೂ ಇರುತ್ತಿರಲಿಲ್ಲ. ಒಂದು ಸಲ ಪಾವಗಡ ತಾಲ್ಲೂಕಿನ ಒಂದು ಊರಿನಿಂದ ಪೋಸ್ಟ್ ಕಾರ್ಡ್ ಬಂತು. ಐದನೇ ಕ್ಲಾಸಿನ ಹುಡುಗಿ. ದುಂಡನೆಯ ಅಕ್ಷರ, ಸಾಲು ಮೇಲಕ್ಕೆ ಏರಿತ್ತು. "ನೀವು ಬರೆದ ಬಾವಿಗೆ ರಾಟೆ ಇಲ್ಲ. ಅಜ್ಜಿ ಹಗ್ಗವನ್ನು ಬರಿಗೈಯಲ್ಲಿ ಎಳೆದರೆ ಅಂಗೈ ಹರಿಯುತ್ತದೆ. ನಮ್ಮಜ್ಜಿಗೆ ಹರಿದಿತ್ತು." ಅಷ್ಟೇ. ಚೆನ್ನಾಗಿದೆ ಅಂತಲೂ ಇಲ್ಲ, ಚೆನ್ನಾಗಿಲ್ಲ ಅಂತಲೂ ಇಲ್ಲ. ನೀರಿಗಾಗಿ ಪಾಡು ಪಡುವ ಸೀಮೆಯ ಮಗು, ಬಾವಿಯ ಚಿತ್ರದಲ್ಲಿ ಮೊದಲು ರಾಟೆ ಹುಡುಕಿತ್ತು.

ಆ ಚಿತ್ರಕಾರರು ಕಾರ್ಡನ್ನು ಎರಡು ಸಲ ಓದಿದರು. ಎದ್ದು ಹೋಗಿ ಚಿತ್ರ ಬರೆಯುವ ಬೋರ್ಡಿನ ಪಕ್ಕದ ಗೋಡೆಗೆ ಗುಂಡುಪಿನ್ನಿನಿಂದ ಚುಚ್ಚಿದರು. ಮುಂದೆ ಅವರು ಬರೆದ ಒಂದು ಬಾವಿಗೂ ರಾಟೆ ತಪ್ಪಲಿಲ್ಲ. ಆ ಹುಡುಗಿಗೆ ಉತ್ತರವನ್ನೂ ಕಳಿಸಿದರು. ಪೋಸ್ಟ್ ಕಾರ್ಡಿನಲ್ಲಿ ಒಂದೂ ಅಕ್ಷರ ಇರಲಿಲ್ಲ. ಬಾವಿ, ರಾಟೆ, ಆರಾಮಾಗಿ ಹಗ್ಗ ಎಳೆಯುತ್ತಿರುವ ಅಜ್ಜಿ. ನಾನೇ ಡಬ್ಬಕ್ಕೆ ಹಾಕಿದೆ. ವರ್ಷಕ್ಕೆ ಒಂದು ಕಾಗದವನ್ನೂ ಬರೆಯದ ಮನುಷ್ಯ ಅವರು.

ತನ್ನ ಕೆಲಸವನ್ನು ಯಾರೋ ನಿಜವಾಗಿ ನೋಡಿದ್ದಾರೆ ಅಂತ ಗೊತ್ತಾದಾಗ ಆಗುವ ಸಂತೋಷವೇ ಬೇರೆ. ತಿಂಗಳಿಡೀ ಬೆನ್ನು ಬಗ್ಗಿಸಿ ಕೂತು ಬರೆದದ್ದನ್ನು ಓದುಗ ಎರಡು ನಿಮಿಷದಲ್ಲಿ ತಿರುವಿ ಹಾಕುತ್ತಾನೆ ಅನ್ನುವುದು ಚಿತ್ರಕಥೆ ಬರೆಯುವವರಿಗೆಲ್ಲ ಗೊತ್ತು. ಅದನ್ನು ಒಪ್ಪಿಕೊಂಡೇ ಕೆಲಸ ಮಾಡುತ್ತಾರೆ. ಒಬ್ಬರು ಪುಟದ ಒಂದು ಚಿತ್ರದ ಚೌಕದ ಮುಂದೆ ನಿಂತರು ಅಂದರೆ ಅದು ದೊಡ್ಡ ವಿಷಯ.

ನೀವು ಕಳಿಸಿದ ಜೆರಾಕ್ಸನ್ನು ಟೇಬಲ್ ಲೈಟಿನ ಕೆಳಗೆ ಇಟ್ಟು ನೋಡಿದೆ. ಮೂರನೇ ಚೌಕದಲ್ಲಿ ತಾಯಿ ಚರಕದ ಮುಂದೆ ಕೂತಿದ್ದಾಳೆ. ಬಾಣಲೆಯಲ್ಲಿ ರೇಷ್ಮೆ ಗೂಡು ಕುದಿಯುತ್ತಿದೆ. ಬಲಗೈಯ ಹೆಬ್ಬೆರಳು, ತೋರುಬೆರಳು ಎಳೆಯ ತುದಿಯನ್ನು ಹಿಡಿದಿವೆ. ಉಳಿದ ಮೂರು ಬೆರಳು ನೀರಿಗೆ ತಾಕದ ಹಾಗೆ ಮೇಲೆ ಮಡಚಿಕೊಂಡಿವೆ. ಬಿಸಿನೀರಿನಲ್ಲಿ ಕೈ ಆಡಿಸಿ ಅಭ್ಯಾಸ ಇರುವವರ ಬೆರಳು ಹಾಗೇ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಿಮ್ಮ ತಾಯಿಗೆ ಗೊತ್ತಿತ್ತು. ಅವರು ಅದನ್ನೇ ನೋಡಿ ಆ ಮಾತು ಅಂದಿರಬೇಕು. ಅವರನ್ನು ಕೂರಿಸಿಕೊಂಡು ಕೇಳಿ. ಯಾವುದನ್ನು ನೋಡಿ ಹಾಗಂದೆ ಅಮ್ಮ, ಕೈಯನ್ನಾ, ಕೂತ ಭಂಗಿಯನ್ನಾ, ಎಳೆಯನ್ನಾ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ತಿದ್ದಬೇಡಿ.

ಇನ್ನೊಂದು, ಆ ಹಬೆ. ಸಾಮಾನ್ಯವಾಗಿ ಹಬೆ ಅಂದರೆ ಚಿತ್ರಕಾರರು ಎರಡು ಮೂರು ಡೊಂಕು ಗೆರೆ ಎಳೆದು ಮುಗಿಸುತ್ತಾರೆ. ಇಲ್ಲಿ ಒಂದು ಗೆರೆಯೂ ಇಲ್ಲ. ಹಿಂದಿನ ಗೋಡೆಯನ್ನು ಬ್ರಷ್‌ನಿಂದ ಕಪ್ಪು ಮಾಡುತ್ತಾ ಬಂದು, ಬಾಣಲೆಯ ಮೇಲೆ ಬರುವ ಹೊತ್ತಿಗೆ ಬ್ರಷ್ ಒಣಗಿಸಿದ್ದಾರೆ. ಕಪ್ಪು ಹರಿದು ಹರಿದು ನಿಂತಿದೆ. ಉಳಿದ ಬಿಳಿಯೇ ಹಬೆ. ಅದರ ಆಚೆ ತಾಯಿಯ ಮುಖ ಅರ್ಧ ಕಾಣುತ್ತದೆ, ಅರ್ಧ ಇಲ್ಲ. ಕಾಗದವನ್ನು ಹಾಗೇ ಬಿಟ್ಟರೋ, ಆಮೇಲೆ ಬಿಳಿ ಬಣ್ಣ ಹಚ್ಚಿದರೋ, ಅಚ್ಚಾದ ಪುಟದಲ್ಲಿ ಗೊತ್ತಾಗುವುದಿಲ್ಲ. ಆದರೆ ಕೈ ನಡುಗುವವರು ಮಾಡುವ ಕೆಲಸ ಇದಲ್ಲ.

ಇದರ ಜೊತೆ ಒಂದು ವಿಷಯ ತಿಳಿದಿರಲಿ. ಚಿತ್ರಕಥೆಯ ಪುಟವನ್ನು ಅಚ್ಚಾಗುವುದಕ್ಕಿಂತ ದೊಡ್ಡದಾಗಿ ಬರೆಯುತ್ತಾರೆ. ಅಮೆರಿಕದ ಕಾಮಿಕ್ಸ್‌ನಲ್ಲಿ 1967ರ ಹೊತ್ತಿನವರೆಗೆ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡ ಹಾಳೆ. ಆಮೇಲೆ ಅದು ಸುಮಾರು ಒಂದೂವರೆ ಪಟ್ಟಿಗೆ ಇಳಿಯಿತು. ನಮ್ಮಲ್ಲಿಯೂ ಒಂದೂವರೆ ಪಟ್ಟಿನಲ್ಲಿ ಬರೆಸುತ್ತಿದ್ದೆವು. ಅಚ್ಚಿಗೆ ಇಳಿಸಿದಾಗ ಸಣ್ಣ ಗೆರೆ ಮಾಯವಾಗುತ್ತದೆ, ಕಪ್ಪು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅಗ್ಗದ ಕಾಗದ ಬೇರೆ ಮಸಿ ಹೀರುತ್ತದೆ. ಬರೆದವರಿಗೆ ಕೊನೆತನಕ ನೆನಪಿರುವುದು ಆ ಕಳೆದುಹೋದ ಗೆರೆಗಳು. ಇಷ್ಟೆಲ್ಲ ಆದ ಮೇಲೂ ಆ ಮೂರು ಬೆರಳು, ಆ ಹಬೆ ಉಳಿದುಕೊಂಡು ಶಿಡ್ಲಘಟ್ಟದ ಒಂದು ಮನೆಗೆ ಮುಟ್ಟಿದವು. ಇದು ಅವರಿಗೆ ಗೊತ್ತಾಗಬೇಕು, ಅಲ್ವಾ? ನಿಮ್ಮನ್ನು ಬಿಟ್ಟರೆ ಹೇಳುವವರು ಯಾರೂ ಇಲ್ಲ.

ಒಂದು ಚೌಕ ಸಾಕು. ಹತ್ತು ಕಥೆಗಳ ಹೆಸರು ಪಟ್ಟಿ ಮಾಡಬೇಡಿ.

ನೇರವಾಗಿ ಹೋಗಿ ಕೊಟ್ಟರೆ ಹೇಗೆ ಅಂತ ಕೇಳಿದ್ದೀರಿ. ಬೇಡ. ಇದನ್ನು ನಾನು ತಪ್ಪು ಮಾಡಿ ಕಲಿತೆ. ಒಮ್ಮೆ ಕೋಲಾರ ಜಿಲ್ಲೆಯ ಕೆಲವು ಕಾಲೇಜು ಹುಡುಗರು ನಮ್ಮ ಚಿತ್ರಕಾರರೊಬ್ಬರ ವಿಳಾಸ ಕೇಳಿದರು. ಒಳ್ಳೆಯ ಹುಡುಗರು. ಅವರ ಚಿತ್ರಗಳನ್ನು ಕತ್ತರಿಸಿ ಪುಸ್ತಕ ಮಾಡಿಟ್ಟಿದ್ದರು. ನಾನು ಹಿಂದೆ ಮುಂದೆ ನೋಡದೆ ಕೊಟ್ಟೆ. ಭಾನುವಾರ ಬೆಳಿಗ್ಗೆ ಟೆಂಪೊ ಮಾಡಿಕೊಂಡು ಹೋದರು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಜೊತೆಗೊಬ್ಬ ಫೋಟೊಗ್ರಾಫರ್. ಚಿತ್ರಕಾರರು ಬನಿಯನ್ನಿನಲ್ಲಿದ್ದರು, ಕೈಯಲ್ಲಿ ಮಸಿ. ಬಾಗಿಲಲ್ಲೇ ನಿಲ್ಲಿಸಿ ತಲೆಗೆ ಪೇಟ ಇಟ್ಟರು, ಫೋಟೊ ತೆಗೆದರು. ಮಾರನೆಯ ದಿನ ಒಂದು ಪತ್ರಿಕೆಯಲ್ಲಿ ಬಂತು. ಅವರ ಕಣ್ಣು ಎಲ್ಲೋ ನೋಡುತ್ತಿದ್ದವು.

ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಅಲ್ಲಿಯವರೆಗೆ ನಾನು ಹೋದಾಗಲೆಲ್ಲ ಒಳಕೋಣೆಗೆ ಕರೆದು, ಚಾಪೆ ಹಾಕಿ, ಒಣಗುತ್ತಿದ್ದ ಪುಟಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ಆಮೇಲೆ ಚಿತ್ರದ ಲಕೋಟೆಯನ್ನು ಬಾಗಿಲಲ್ಲೇ ಕೊಟ್ಟರು. ಕೊನೆಯ ತನಕ ಬಾಗಿಲಲ್ಲೇ ಕೊಟ್ಟರು. ಆ ಹುಡುಗರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ತಪ್ಪು ನನ್ನದು. ವಿಳಾಸ ನನ್ನದಾಗಿರಲಿಲ್ಲ, ಕೊಡುವ ಹಕ್ಕೂ ನನಗಿರಲಿಲ್ಲ. ಕಾಗದವಾದರೆ ಅವರು ಬೇಕಾದಾಗ ಒಡೆದು ಓದಬಹುದು, ವಾರಗಟ್ಟಲೆ ಹಾಗೇ ಇಡಬಹುದು. ಎದುರಿಗೆ ಬಂದು ನಿಂತ ಮನುಷ್ಯನನ್ನು ಹಾಗೆ ಇಡುವುದಕ್ಕಾಗುವುದಿಲ್ಲ.

ಈ ಮಾತಿಗೆ ದೊಡ್ಡ ಉದಾಹರಣೆ ಅಮೆರಿಕದ ಕಾಮಿಕ್ಸ್ ಚಿತ್ರಕಾರ ಸ್ಟೀವ್ ಡಿಟ್ಕೊ. ಸ್ಪೈಡರ್‌ಮ್ಯಾನ್ 1962ರಲ್ಲಿ ಮೊದಲು ಕಾಣಿಸಿಕೊಂಡಾಗ ಕಥೆಗಾರ ಸ್ಟ್ಯಾನ್ ಲೀ ಜೊತೆ ಅವನಿಗೆ ರೂಪ ಕೊಟ್ಟವರು. ಅದನ್ನು ಪ್ರಕಟಿಸುತ್ತಿದ್ದ ಮಾರ್ವೆಲ್ ಕಂಪನಿಯನ್ನು 1966ರಲ್ಲಿ ಬಿಟ್ಟರು. 1960ರ ದಶಕದ ಕೊನೆಯಿಂದ ಸಂದರ್ಶನ ಕೊಡುವುದನ್ನೇ ನಿಲ್ಲಿಸಿದರು. ತಾನು ಓದುಗರ ಮುಂದೆ ಇಡುವುದು ತನ್ನ ಚಿತ್ರವನ್ನೇ ಹೊರತು ತನ್ನನ್ನಲ್ಲ ಅನ್ನುವುದು ಅವರ ನಿಲುವು. 2007ರಲ್ಲಿ ಬಿಬಿಸಿಗೆ ಸಾಕ್ಷ್ಯಚಿತ್ರ ಮಾಡಲು ಟಿವಿ ನಿರೂಪಕ ಜೊನಾಥನ್ ರಾಸ್ ನ್ಯೂಯಾರ್ಕಿನಲ್ಲಿದ್ದ ಅವರ ಕೆಲಸದ ಜಾಗಕ್ಕೇ ಹೋದರು. ಡಿಟ್ಕೊ ಮಾತಾಡಿಸಿದರು, ಕೆಲವು ಕಾಮಿಕ್ಸ್ ಕೊಟ್ಟು ಕಳಿಸಿದರು, ಕ್ಯಾಮೆರಾ ಮುಂದೆ ಮಾತ್ರ ಬರಲಿಲ್ಲ. 2018ರಲ್ಲಿ ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ಜಗತ್ತು ಅವರನ್ನು ಒಂಟಿ ಮನುಷ್ಯ ಅಂತ ಕರೆಯಿತು. ಆದರೆ ಇದೇ ಡಿಟ್ಕೊ ತಮಗೆ ಕಾಗದ ಬರೆದ ಎಷ್ಟೋ ಸಾಮಾನ್ಯ ಓದುಗರಿಗೆ ತಮ್ಮ ಕೈಬರಹದಲ್ಲಿ ಉತ್ತರ ಬರೆಯುತ್ತಿದ್ದರು. ಅವರು ಹಾಕಿಕೊಂಡಿದ್ದ ಬಾಗಿಲು ಬೇರೆ, ಅಂಚೆ ಡಬ್ಬ ಬೇರೆ.

ಉತ್ತರ ಬರಿಸುವುದು ಹೇಗೆ ಅಂತ ಕೇಳಿದ್ದೀರಿ. ಉತ್ತರ ಬರಿಸಬೇಕು ಅನ್ನುವ ಆಲೋಚನೆ ಇಟ್ಟುಕೊಂಡು ಬರೆದ ಕಾಗದ ಮೂರನೇ ಸಾಲಿಗೇ ಗೊತ್ತಾಗಿಬಿಡುತ್ತದೆ. ನಿಮ್ಮ ಕರಡಿನ ಕೊನೆಯಲ್ಲಿ ನಾಲ್ಕು ಬೇಡಿಕೆ ಇವೆ. ಸಹಿ ಬೇಕು, ಒಂದು ಚಿಕ್ಕ ಚಿತ್ರ ಬೇಕು, ಐದು ನಿಮಿಷ ಭೇಟಿ ಬೇಕು, ಮತ್ತೆ ಯಾಕೆ ಬರೆಯುವುದನ್ನು ಬಿಟ್ಟಿರಿ ಅನ್ನುವ ಪ್ರಶ್ನೆ. ನಾಲ್ಕನ್ನೂ ತೆಗೆಯಿರಿ.

ಸಹಿಯ ವಿಷಯದಲ್ಲಿ ಇಂಥವರು ಸುಟ್ಟುಕೊಂಡಿರುತ್ತಾರೆ. ಕ್ಯಾಲ್ವಿನ್ ಮತ್ತು ಹಾಬ್ಸ್ ಅನ್ನುವ ಪುಟ್ಟ ಹುಡುಗ, ಹುಲಿಯ ಚಿತ್ರಪಟ್ಟಿ ನೀವು ನೋಡಿರಬಹುದು. ಅಮೆರಿಕದ ಬಿಲ್ ವಾಟರ್ಸನ್ ಅದನ್ನು 1985ರಿಂದ 1995ರವರೆಗೆ ಬರೆದು ನಿಲ್ಲಿಸಿದರು. ಆ ಪಾತ್ರಗಳ ಗೊಂಬೆ, ಟೀ ಶರ್ಟ್ ಮಾರುವುದಕ್ಕೆ ಕೊನೆಗೂ ಒಪ್ಪಲಿಲ್ಲ. ಅವರೂ ಜನರಿಂದ ದೂರ. ಆದರೆ ತಮ್ಮ ಊರಿನ ಪುಸ್ತಕದಂಗಡಿಯಲ್ಲಿ ಯಾರಿಗೂ ಹೇಳದೆ ಪ್ರತಿಗಳಿಗೆ ಸಹಿ ಹಾಕಿ ಇಟ್ಟು ಬರುತ್ತಿದ್ದರು. ಕೊಂಡವರು ಮನೆಗೆ ಹೋಗಿ ತೆರೆದಾಗ ಖುಷಿ ಪಡಲಿ ಅಂತ. ಜನ ಅವನ್ನು ಇಂಟರ್ನೆಟ್ಟಿನಲ್ಲಿ ಹೆಚ್ಚಿನ ಬೆಲೆಗೆ ಮಾರತೊಡಗಿದ್ದು ಗೊತ್ತಾದಾಗ ನಿಲ್ಲಿಸಿಬಿಟ್ಟರು. ನೀವು ಮಾರುವವರಲ್ಲ ಅಂತ ನನಗೆ ಗೊತ್ತು. ಅವರಿಗೆ ಹೇಗೆ ಗೊತ್ತಾಗಬೇಕು?

"ಯಾಕೆ ಬಿಟ್ಟಿರಿ" ಅನ್ನುವ ಪ್ರಶ್ನೆಯಂತೂ ಬೇಡವೇ ಬೇಡ. ಕಣ್ಣು ಹೋಗಿರಬಹುದು, ಕೈ ನಡುಗುತ್ತಿರಬಹುದು, ಮನೆಯಲ್ಲಿ ಯಾರೋ ತೀರಿಕೊಂಡಿರಬಹುದು, ಪುಟಕ್ಕೆ ಕೊಡುತ್ತಿದ್ದ ದುಡ್ಡಿನಲ್ಲಿ ಜೀವನ ಸಾಗದೆ ಇರಬಹುದು. ಬರೆದು ಸಾಕಾಗಿರಲೂಬಹುದು. ನೀವು ಊಹೆ ಮಾಡಬೇಡಿ. ಸಮಾಧಾನವನ್ನೂ ಹೇಳಬೇಡಿ. "ಮತ್ತೆ ಬರೆಯಿರಿ, ಕನ್ನಡದ ಮಕ್ಕಳು ಕಾಯುತ್ತಿದ್ದಾರೆ" ಅನ್ನುವ ಸಾಲು ನಿಮ್ಮ ಕರಡಿನಲ್ಲಿದೆ. ಅದು ಒಳ್ಳೆಯ ಮನಸ್ಸಿನಿಂದ ಬಂದದ್ದೇ. ಆದರೆ ಕೈ ಆಡದವರ ಕಣ್ಣಿಗೆ ಬಿದ್ದರೆ ಅದರಷ್ಟು ನೋಯಿಸುವ ಮಾತು ಇನ್ನೊಂದಿಲ್ಲ.

ಏನಾದರೂ ಕೇಳಲೇಬೇಕು ಅನಿಸಿದರೆ, ಕೆಲಸದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿ. ಒಂದು ಪದದಲ್ಲಿ ಉತ್ತರ ಕೊಡುವ ಹಾಗಿರಲಿ. ನಾನಾಗಿದ್ದರೆ ಹಬೆಯನ್ನು ಕೇಳುತ್ತಿದ್ದೆ. ಕಾಗದ ಬಿಟ್ಟಿರಾ, ಬಿಳಿ ಹಚ್ಚಿದಿರಾ? ಎಷ್ಟೇ ಮೌನಿಯಾದರೂ ಕೆಲಸಗಾರರಿಗೆ ತಮ್ಮ ಕೆಲಸದ ಮಾತು ಹಿಡಿಸುತ್ತದೆ. ಅದರ ಕೆಳಗೇ "ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ, ನಿಮಗೆ ಇದನ್ನು ಹೇಳಬೇಕಿತ್ತು, ಹೇಳಿದೆ" ಅಂತ ಬರೆಯಿರಿ. ಬರೆದ ಮೇಲೆ ನೀವೂ ಅದಕ್ಕೆ ಬದ್ಧರಾಗಿರಿ. ತಿಂಗಳಾದ ಮೇಲೆ "ನನ್ನ ಕಾಗದ ತಲುಪಿತೇ?" ಅಂತ ಇನ್ನೊಂದು ಕಾಗದ ಹಾಕಬೇಡಿ.

ಸ್ಟಾಂಪ್ ಅಂಟಿಸಿ, ನಿಮ್ಮ ವಿಳಾಸ ಬರೆದ ಕವರನ್ನು ಒಳಗೆ ಇಡುವುದು ಸಾಮಾನ್ಯವಾಗಿ ಮರ್ಯಾದೆಯ ಕೆಲಸ. ಲೇಖಕರಿಗೆ ಬರೆಯುವಾಗ ನಾನೂ ಇಡುತ್ತೇನೆ. ಆದರೆ ಇವರಿಗೆ ಮೊದಲ ಕಾಗದದಲ್ಲಿ ಬೇಡ ಅನಿಸುತ್ತದೆ. ಇನ್ನೊಬ್ಬರ ದುಡ್ಡಿನ ಸ್ಟಾಂಪನ್ನು ಬಿಸಾಡಲು ಇಂಥವರಿಗೆ ಮನಸ್ಸು ಬರುವುದಿಲ್ಲ. ಆ ಕವರ್ ಮೇಜಿನ ಮೇಲೆ ತೀರಿಸದ ಸಾಲದ ಹಾಗೆ ಕೂತಿರುತ್ತದೆ. ನಿಮ್ಮ ಪೂರ್ತಿ ವಿಳಾಸ, ಪಿನ್ ಕೋಡ್ ಕಾಗದದ ತಲೆಯಲ್ಲೇ ಇರಲಿ, ಸಾಕು. ಕವರಿನ ಹಿಂದೆ ಮಾತ್ರ ಬರೆದರೆ ಅದು ಹರಿದುಹೋಗುತ್ತದೆ.

ಕೈಯಲ್ಲೇ ಬರೆಯಿರಿ. ಅಕ್ಷರ ಚೆನ್ನಾಗಿಲ್ಲ ಅಂತ ಸಂಕೋಚ ಪಟ್ಟಿದ್ದೀರಿ. ಕರಡಿನಲ್ಲಿ ನೋಡಿದೆ, ಓದಲು ಬರುತ್ತದೆ. ವಯಸ್ಸಾದ ಕಣ್ಣು ಅನ್ನುವುದನ್ನು ಮರೆಯದೆ ಸ್ವಲ್ಪ ದಪ್ಪಗೆ, ಬಿಡಿಬಿಡಿಯಾಗಿ, ಕಪ್ಪು ಅಥವಾ ಗಾಢ ನೀಲಿ ಮಸಿಯಲ್ಲಿ, ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ. ಜೆಲ್ ಪೆನ್ ಬೇಡ, ಮಳೆ ಹನಿ ಬಿದ್ದರೆ ಹರಡಿಕೊಳ್ಳುತ್ತದೆ. ಎರಡು ಹಾಳೆ ಮೀರಬೇಡಿ. 80 ಜಿಎಸ್‌ಎಂನ (ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ) ಎ4 ಹಾಳೆ 5 ಗ್ರಾಂ ತೂಗುತ್ತದೆ. ಎರಡು ಹಾಳೆ, ಕವರ್ ಸೇರಿದರೂ ಸಾಮಾನ್ಯ ಕಾಗದದ 20 ಗ್ರಾಂ ಮಿತಿಯೊಳಗೇ ಇರುತ್ತದೆ. ಸ್ಟಾಂಪ್ ಕಡಿಮೆಯಾಗಿ ಅವರು ಪೋಸ್ಟ್‌ಮ್ಯಾನ್‌ಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಹಾಗೆ ಆಗಬಾರದು.

ಮತ್ತೆ, ಸಾಮಾನ್ಯ ಅಂಚೆಯಲ್ಲೇ ಹಾಕಿ. ಮುಟ್ಟುತ್ತದೋ ಇಲ್ಲವೋ ಅನ್ನುವ ಚಿಂತೆಯಲ್ಲಿ ರಿಜಿಸ್ಟರ್ ಮಾಡುತ್ತೇನೆ ಅಂದಿದ್ದೀರಿ. 2025ರ ಸೆಪ್ಟೆಂಬರ್ 1ರಿಂದ ಒಳನಾಡಿನ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಗಿದೆ. ಹೆಸರು ಏನೇ ಇರಲಿ, ಅಂಥ ಅಂಚೆಗೆ ಅವರು ಬಾಗಿಲು ತೆಗೆದು, ಎದುರು ನಿಂತು, ಸಹಿ ಹಾಕಬೇಕಾಗಬಹುದು. ಯಾರಿಗೂ ಬಾಗಿಲು ತೆಗೆಯದವರಿಗೆ ನಿಮ್ಮ ಮೊದಲ ಪರಿಚಯ ಹಾಗೆ ಆಗುವುದು ಬೇಡ. ಸಾಮಾನ್ಯ ಕಾಗದವನ್ನು ಪೋಸ್ಟ್‌ಮ್ಯಾನ್ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತಾರೆ.

ವಿಳಾಸದ ವಿಷಯಕ್ಕೆ ಬಂದರೆ, ಮೊದಲ ದಾರಿ ಯಾವಾಗಲೂ ಪ್ರಕಾಶಕರ ಮೂಲಕ. ನಿಮ್ಮ ಕಾಗದವನ್ನು ಒಂದು ಕವರಿನಲ್ಲಿಟ್ಟು ಅಂಟಿಸಿ, ಮೇಲೆ ಚಿತ್ರಕಾರರ ಹೆಸರಷ್ಟೇ ಬರೆದು, ಅದನ್ನು ಇನ್ನೊಂದು ದೊಡ್ಡ ಕವರಿನಲ್ಲಿ ಇಟ್ಟು, ಸಂಪಾದಕರಿಗೆ "ದಯವಿಟ್ಟು ಇದನ್ನು ಅವರಿಗೆ ಮುಟ್ಟಿಸಿ" ಅಂತ ಎರಡು ಸಾಲು. ನಮ್ಮಲ್ಲಿ ಹಾಗೆ ಬಂದದ್ದನ್ನು ಮುಟ್ಟಿಸದೆ ಬಿಟ್ಟಿಲ್ಲ. ನೀವು ಹೇಳುವ ಮಾಸಿಕ ನಿಂತುಹೋಗಿದೆ. ಹಾಗಾದರೆ ಆ ಕಥೆಗಳನ್ನು ಬರೆದುಕೊಟ್ಟವರು ಇದ್ದಾರಲ್ಲ, ಹಳೆಯ ಸಂಚಿಕೆಯಲ್ಲಿ ಅವರ ಹೆಸರೂ ಇರುತ್ತದೆ. ಅವರಲ್ಲಿ ಒಬ್ಬರಾದರೂ ಈಗಲೂ ಬೇರೆ ಕಡೆ ಬರೆಯುತ್ತಿರುತ್ತಾರೆ. ಅವರ ಮೂಲಕ ಪ್ರಯತ್ನ ಮಾಡಿ. ಮಧ್ಯದವರನ್ನು ವಿಳಾಸ ಕೇಳಬೇಡಿ, ಕಾಗದ ಮುಟ್ಟಿಸಿ ಅಂತ ಮಾತ್ರ ಕೇಳಿ.

ಅದೂ ಆಗದಿದ್ದರೆ, ನಿಮಗೆ ಗೊತ್ತಾಗಿರುವ ಊರಿಗೇ ಒಂದು ಕಾಗದ, ಒಂದೇ ಒಂದು, ಹಾಕುವುದರಲ್ಲಿ ತಪ್ಪಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೆಸರು, ಊರು, ಅಂಚೆ, ತಾಲ್ಲೂಕು, 572ರಿಂದ ಶುರುವಾಗುವ ಪಿನ್. ನಮ್ಮ ಹಳ್ಳಿಗಳಲ್ಲಿ ಇಷ್ಟು ಸಾಕು. ಬೀದಿ, ಮನೆ ನಂಬರ್ ಅಂತ ಆ ಊರಿನಲ್ಲಿ ವಿಚಾರಿಸಲು ಹೋಗಬೇಡಿ. ನೀವು ವಿಚಾರಿಸಿದ ಸಂಜೆಗೇ ಊರಿಗೆಲ್ಲ ಗೊತ್ತಾಗಿರುತ್ತದೆ.

ಹೇಗೆ ಸಂಬೋಧಿಸಬೇಕು ಅನ್ನುವುದು ಒಳ್ಳೆಯ ಪ್ರಶ್ನೆ. ನೀವು ಒಂದು ಕಡೆ "ಅಂಕಲ್" ಅಂದಿದ್ದೀರಿ, ಇನ್ನೊಂದು ಕಡೆ "ಪೂಜ್ಯರೇ". ಅಮರ ಚಿತ್ರ ಕಥೆಯ ಅನಂತ ಪೈ ಅವರನ್ನು ದೇಶದ ಮಕ್ಕಳೆಲ್ಲ ಅಂಕಲ್ ಪೈ ಅನ್ನುತ್ತಿದ್ದರು. ಕಾರ್ಕಳದಲ್ಲಿ ಹುಟ್ಟಿದ ಆ ಮನುಷ್ಯ ಆ ಹೆಸರನ್ನು ಸಂತೋಷದಿಂದ ಒಪ್ಪಿಕೊಂಡಿದ್ದರು. ಇವರು ಅಂಥ ಸಲುಗೆಯನ್ನು ಯಾರಿಗೂ ಕೊಟ್ಟಿಲ್ಲ. ಇವರು ಮೊದಲು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು ಅಂತ ನೀವೇ ಬರೆದಿದ್ದೀರಿ. "ಮೇಷ್ಟ್ರಿಗೆ ನಮಸ್ಕಾರ" ಅಂತ ಶುರು ಮಾಡಿ. ಅದರಲ್ಲಿ ಗೌರವವೂ ಇದೆ, ನಮ್ಮ ಕಡೆಯ ಮಾತಿನ ಬಿಸುಪೂ ಇದೆ. ಕೊನೆಗೆ ನಿಮ್ಮ ಹೆಸರು, ನೀವು ಮಾಡುವ ಕೆಲಸ.

ದ್ರಾಕ್ಷಿ ಬಾಕ್ಸ್ ಕಳಿಸಲಾ ಅಂತ ಕೇಳಿದ್ದೀರಿ. ನಿಮ್ಮ ಕಡೆಯ ದ್ರಾಕ್ಷಿ ನನಗೂ ಇಷ್ಟ. ಆದರೆ ಈಗ ಬೇಡ. ಕೊಡುಗೆ ಬಂದರೆ ಏನಾದರೂ ತಿರುಗಿ ಕೊಡಬೇಕು ಅನ್ನುವ ಹಂಗು ಹುಟ್ಟುತ್ತದೆ. ಒಂದನ್ನು ಮಾತ್ರ ಇಡಬಹುದು: ನಿಮ್ಮ ಮನೆಯ ನೂಲಿನ ಒಂದು ಎಳೆ. ಬೆರಳಿಗೆ ಸುತ್ತಿ ತೆಗೆದಷ್ಟು. ಸಣ್ಣ ಕಾಗದದಲ್ಲಿ ಮಡಚಿ ಇಡಿ. ತೂಕವಿಲ್ಲ, ಬೆಲೆಯ ಮಾತಿಲ್ಲ. ಅವರು ಬರೆದ ಎಳೆ ಅದು.

ಉತ್ತರ ಬಂದೇ ಬಿಟ್ಟರೆ? ಬರಬಹುದು. ಎರಡು ಸಾಲಿನ ಕಾರ್ಡು ಬರಬಹುದು. ಆರು ತಿಂಗಳು ಬಿಟ್ಟು ಬರಬಹುದು. ಆಗ ನಿಮ್ಮ ಕೈ ಮೊಬೈಲಿಗೆ ಹೋಗುತ್ತದೆ, ಫೋಟೊ ತೆಗೆದು ಎಲ್ಲರಿಗೂ ತೋರಿಸೋಣ ಅನಿಸುತ್ತದೆ. ಅವರನ್ನು ಕೇಳದೆ ಹಾಗೆ ಮಾಡಬೇಡಿ. ಕಾನೂನಿನ ಮಾತೂ ಇದೆ. ಬಂದ ಕಾಗದ ನಿಮ್ಮದು, ಅದನ್ನು ಇಟ್ಟುಕೊಳ್ಳಬಹುದು, ಕಟ್ಟು ಹಾಕಿಸಬಹುದು. ಆದರೆ ಅದರಲ್ಲಿ ಬರೆದದ್ದರ ಹಕ್ಕು ಬರೆದವರದೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರ ಜೀವಮಾನವಿಡೀ, ಆಮೇಲೆ ಇನ್ನೂ 60 ವರ್ಷ. ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ನಿಮ್ಮೊಬ್ಬರಿಗೆ ಅಂತ ಬರೆದಿರುತ್ತಾರೆ. ಅದು ಹತ್ತು ಜನರ ಫೋನಿನಲ್ಲಿ ಓಡಾಡಿದರೆ ಹನ್ನೊಂದನೆಯವರಿಗೆ ಅವರು ಬರೆಯಲಾರರು. ಅಮ್ಮನಿಗೆ ತೋರಿಸಿ. ಚರಕದ ಮನೆಯಲ್ಲಿ ಕೆಲಸ ಮಾಡುವವರಿಗೆ ಓದಿ ಹೇಳಿ. ಅಷ್ಟು ಸಾಕು.

ಬರದಿದ್ದರೂ ಓದಿಲ್ಲ ಅಂತ ತಿಳಿಯಬೇಡಿ. ನಾನು ಹೇಳಿದ ಆ ಇಬ್ಬರಲ್ಲಿ ಒಬ್ಬರು ಯಾರಿಗೂ ಉತ್ತರ ಬರೆದವರಲ್ಲ. ಅವರು ತೀರಿಕೊಂಡ ಮೇಲೆ ಅವರ ತಂಗಿ ಒಂದು ಬಿಸ್ಕತ್ತಿನ ಡಬ್ಬ ತಂದು ತೋರಿಸಿದರು. ನಾನು ವರ್ಷಗಟ್ಟಲೆ ಒಯ್ದು ಕೊಟ್ಟ ಕಾಗದಗಳು. ಎಲ್ಲವೂ ಇರಲಿಲ್ಲ. ಆರಿಸಿ ಇಟ್ಟಿದ್ದರು, ಮೂವತ್ತೋ ನಲವತ್ತೋ. ಕೆಲವದರ ಅಂಚಿನಲ್ಲಿ ಪೆನ್ಸಿಲಿನಿಂದ ಗೀಟು ಎಳೆದಿದ್ದರು. ಯಾವ ಸಾಲುಗಳಿಗೆ ಗೀಟು ಅಂತ ನೋಡಿದೆ. "ನಾಯಿಯ ಬಾಲ ಹೆದರಿದೆ." "ಮಳೆ ಚಿತ್ರದಲ್ಲಿ ಒಂದು ಹೆಂಚು ಒಡೆದಿದೆ, ನಮ್ಮ ಮನೆಯಲ್ಲೂ ಹಾಗೇ." ಇಂಥವು. ಹೊಗಳಿಕೆಗೆ ಒಂದು ಕಡೆಯೂ ಗೀಟು ಇರಲಿಲ್ಲ.

ಕರಡನ್ನು ತಿದ್ದಿಕೊಡಿ ಅಂದಿರಿ. ನಾನು ತಿದ್ದಿಲ್ಲ. ನನ್ನ ಕೈ ಬಿದ್ದರೆ ಅದು ನಿಮ್ಮ ಕಾಗದ ಆಗಿ ಉಳಿಯುವುದಿಲ್ಲ. ಅಮ್ಮನ ಮಾತು, ಮೂರು ಬೆರಳು, ಹಬೆ, ಇಷ್ಟನ್ನು ಇಟ್ಟುಕೊಂಡು ಇವತ್ತು ರಾತ್ರಿಯೇ ಕೂತು ಬರೆಯಿರಿ. ಅವರಿಗೂ ವಯಸ್ಸಾಗಿದೆ, ಜಾಸ್ತಿ ದಿನ ತಳ್ಳಬೇಡಿ. ಬರೆದಾದ ಮೇಲೆ ಅಮ್ಮನಿಗೆ ಒಮ್ಮೆ ಜೋರಾಗಿ ಓದಿ ತೋರಿಸಿ. ಮತ್ತೆ ಒಂದು ವಿಷಯ: ಎರಡು ಪುಟದ ಕರಡಿನಲ್ಲಿ ನಿಮ್ಮ ತಾಯಿಯ ಹೆಸರು ಒಂದು ಕಡೆಯೂ ಇಲ್ಲ. ಅದನ್ನು ಬರೆಯಿರಿ.